ಅಳತೆಯ ಅಂಕೆಯೂ ಅಳತೆಯ ಹೆಸರೂ: ಅಮೆರಿಕದ ಗ್ಯಾಲನ್ನಿನಿಂದ ಲೀಟರಿಗೆ

ಶಾಸ್ತ್ರಾಭ್ಯಾಸ ಮಾಡಿದವರಿಗೆ 'ಸೈಂಧವ' ಎಂಬ ಪದದ ಉದಾಹರಣೆ ಚಿರಪರಿಚಿತವಾದುದು. ಈ ಪದಕ್ಕೆ ಉಪ್ಪು ಎಂಬ ಅರ್ಥವೂ ಉಂಟು, ಕುದುರೆ ಎಂಬ ಅರ್ಥವೂ ಉಂಟು. ಊಟಕ್ಕೆ ಕುಳಿತವನು ಸೈಂಧವವನ್ನು ತರಹೇಳಿದರೆ ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಸಿದ್ಧನಾಗಿ ನಿಂತವನು ಅದೇ ಮಾತನ್ನಾಡಿದರೆ ಕುದುರೆಯನ್ನು ತರಬೇಕು. ಪ್ರಕರಣವನ್ನರಿಯದ ಸೇವಕನು ಪ್ರಯಾಣಿಕನ ಮುಂದೆ ಉಪ್ಪಿನ ಬಟ್ಟಲನ್ನಿರಿಸಿ ನಗೆಗೀಡಾಗುತ್ತಾನೆ. ನಾನಾರ್ಥಪದಗಳ ಈ ತೊಡಕು ಕಾವ್ಯ ವ್ಯಾಕರಣಗಳಿಗೆ ಮಾತ್ರ ಸೇರಿದುದೆಂದು ಭಾವಿಸಲಾಗದು. ಅಂಗಡಿ, ಅಡುಗೆಮನೆ, ಔಷಧಾಲಯ, ವಿಮಾನ ನಿಲ್ದಾಣಗಳಲ್ಲಿ ದಿನಬೆಳಗಾದರೆ ಬಳಕೆಯಾಗುವ ಅಳತೆಯ ಹೆಸರುಗಳಲ್ಲಿಯೂ ಅದು ಮನೆಮಾಡಿಕೊಂಡಿದೆ. ಗ್ಯಾಲನ್, ಪಿಂಟ್, ಔನ್ಸ್ ಎಂಬಿವು ಸೈಂಧವದ ಜಾತಿಗೆ ಸೇರಿದ ಮಾತುಗಳೇ ಆಗಿವೆ. ಇಲ್ಲಿ ಅರ್ಥ ತಪ್ಪಿದರೆ ಆಗುವ ಹಾನಿ ಮಾತ್ರ ನಗೆಯಲ್ಲಿ ಮುಗಿಯುವುದಿಲ್ಲ.

ನಾಡಿನ ಅನೇಕ ಮನೆಗಳ ಮಕ್ಕಳು ಇಂದು ವಿದ್ಯೆ ಉದ್ಯೋಗಗಳ ನಿಮಿತ್ತ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ್ದಾರೆ. ಶಾಲೆಯಲ್ಲಿ ಲೀಟರು ಮಿಲಿಲೀಟರುಗಳನ್ನು ಕಲಿತ ಇವರು ಅಲ್ಲಿ ಹಾಲನ್ನೂ ಪೆಟ್ರೋಲನ್ನೂ ಗ್ಯಾಲನ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅಡುಗೆಯ ಪುಸ್ತಕದಲ್ಲಿ ಕಪ್ಪು, ಔನ್ಸುಗಳನ್ನು ಕಾಣುತ್ತಾರೆ. ಊರಿನಲ್ಲಿಯೇ ಇರುವವರಿಗೂ ಈ ಸಂಗತಿ ದೂರದ್ದಲ್ಲ. ಕಚ್ಚಾ ತೈಲದ ಬೆಲೆ ಇಂತಿಷ್ಟು ಡಾಲರು ಎಂದು ಪತ್ರಿಕೆಗಳು ಬರೆಯುವುದು ಒಂದು ಪೀಪಾಯಿಯ ಲೆಕ್ಕದಲ್ಲಿ. ಆ ಪೀಪಾಯಿ ಎಂದರೆ ೪೨ ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು ೧೫೯ ಲೀಟರು. ಆದುದರಿಂದ ಈ ಎರಡು ಪದ್ಧತಿಗಳ ಸಂಬಂಧವನ್ನು ಮೂಲದಿಂದ ಅರಿತುಕೊಳ್ಳುವುದು ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಪ್ರಯೋಜನಕರವಾದುದು.

ಗ್ಯಾಲನ್ನಿನ ವಂಶವೃಕ್ಷ

ಅಮೆರಿಕದ ಅಳತೆಗಳು ಇಂಗ್ಲೆಂಡಿನಿಂದ ವಲಸೆ ಹೋದವು. ೧೮ನೆಯ ಶತಮಾನದ ಇಂಗ್ಲೆಂಡಿನಲ್ಲಿ ಪದಾರ್ಥಕ್ಕೆ ತಕ್ಕಂತೆ ಬೇರೆ ಬೇರೆ ಗ್ಯಾಲನ್‌ಗಳಿದ್ದವು. ದ್ರಾಕ್ಷಾರಸಕ್ಕೆ ಒಂದು, ಧಾನ್ಯಕ್ಕೆ ಮತ್ತೊಂದು. ರಾಣಿ ಆನ್ ಆಳ್ವಿಕೆಯ ಕಾಲದಲ್ಲಿ ದ್ರಾಕ್ಷಾರಸದ ಗ್ಯಾಲನ್ನನ್ನು ೨೩೧ ಘನ ಅಂಗುಲಗಳೆಂದು ಶಾಸನಬದ್ಧಗೊಳಿಸಲಾಯಿತು. ಅಮೆರಿಕದ ವಸಾಹತುಗಳಲ್ಲಿ ಇದೇ ರೂಢಿಗೆ ಬಂದಿತು. ಸ್ವತಂತ್ರವಾದ ಮೇಲೆಯೂ ಅಮೆರಿಕನ್ನರು ಅದನ್ನು ಬಿಡಲಿಲ್ಲ. ೧೮೩೨ರಲ್ಲಿ ಫರ್ಡಿನೆಂಡ್ ಹ್ಯಾಸ್ಲರನ ಸಲಹೆಯಂತೆ ಅಲ್ಲಿಯ ಖಜಾನೆ ಇಲಾಖೆಯು ದ್ರವಗಳಿಗೆ ೨೩೧ ಘನ ಅಂಗುಲದ ಗ್ಯಾಲನ್ನನ್ನೂ ಧಾನ್ಯಗಳಿಗೆ ೨,೧೫೦.೪೨ ಘನ ಅಂಗುಲದ ವಿಂಚೆಸ್ಟರ್ ಬುಷೆಲನ್ನೂ ಅಂಗೀಕರಿಸಿತು.

ಅಷ್ಟರಲ್ಲಿ ಮೂಲದೇಶವಾದ ಇಂಗ್ಲೆಂಡು ತನ್ನ ಅಳತೆಯನ್ನೇ ಬದಲಾಯಿಸಿಕೊಂಡಿತ್ತು. ೧೮೨೪ರ ಕಾಯಿದೆಯ ಮೂಲಕ ಅದು ಹಳೆಯ ಗ್ಯಾಲನ್‌ಗಳನ್ನೆಲ್ಲ ಬದಿಗೊತ್ತಿ, ಹತ್ತು ಪೌಂಡು ತೂಕದ ನೀರು ಹಿಡಿಯುವಷ್ಟು ಜಾಗವನ್ನು ಒಂದು ಗ್ಯಾಲನ್ ಎಂದು ನಿರ್ಧರಿಸಿತು. ಇದು ಸುಮಾರು ೨೭೭.೪೨ ಘನ ಅಂಗುಲ. ಇದಕ್ಕೆ ಇಂಪೀರಿಯಲ್ ಗ್ಯಾಲನ್ ಎಂದು ಹೆಸರು. ಹೀಗೆ ಕಡಲಿನ ಆಚೆ ಈಚೆ ಹೆಸರು ಒಂದೇ ಉಳಿದು ಅರ್ಥ ಎರಡಾಯಿತು. ಇಂಪೀರಿಯಲ್ ಗ್ಯಾಲನ್ನಿಗೆ ೪.೫೪೬೦೯ ಲೀಟರು, ಅಮೆರಿಕನ್ ಗ್ಯಾಲನ್ನಿಗೆ ೩.೭೮೫ ಲೀಟರು. ಮೊದಲನೆಯದು ಎರಡನೆಯದಕ್ಕಿಂತ ಐದನೆಯ ಒಂದು ಪಾಲು ದೊಡ್ಡದು.

ಕನ್ನಡ ನಾಡಿನ ವಾಚಕರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಬ್ರಿಟಿಷರ ಆಡಳಿತದಲ್ಲಿ ಭಾರತಕ್ಕೆ ಬಂದ ಗ್ಯಾಲನ್ ಇಂಪೀರಿಯಲ್ ಗ್ಯಾಲನ್. ಗ್ಯಾಲನ್ನಿಗೆ ನಾಲ್ಕೂವರೆ ಲೀಟರು ಎಂದು ಹಿರಿಯರು ಬಾಯಿಪಾಠ ಮಾಡಿದ್ದುದು ಅದನ್ನೇ. ಆ ಪಾಠವು ತಪ್ಪಲ್ಲ. ಅಮೆರಿಕಕ್ಕೆ ಅನ್ವಯಿಸಿದಾಗ ಮಾತ್ರ ತಪ್ಪಾಗುತ್ತದೆ. ಅಲ್ಲಿ ಮೋಟಾರು ಗಾಡಿಗೆ ೧೫ ಗ್ಯಾಲನ್ ಪೆಟ್ರೋಲು ಹಾಕಿಸಿದರೆ ದೊರೆಯುವುದು ೫೬.೭೮ ಲೀಟರು. ಹಳೆಯ ಪಾಠದಂತೆ ಎಣಿಸಿದರೆ ೬೮.೧೯ ಲೀಟರು ಬರುತ್ತದೆ. ಹನ್ನೊಂದು ಲೀಟರಿಗೂ ಮಿಕ್ಕ ಪೆಟ್ರೋಲು ಕೇವಲ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ.

ಗ್ಯಾಲನ್ನಿನ ಒಳವಿಭಾಗಗಳು

ಅಮೆರಿಕದ ದ್ರವಮಾನದ ರಚನೆಯು ಬಹುಮಟ್ಟಿಗೆ ಅರ್ಧಾರ್ಧವಾಗಿ ಇಳಿಯುವ ಕ್ರಮ. ಸೇರು, ಅಚ್ಚೇರು, ಪಾವು ಎಂದು ಎಣಿಸುತ್ತಿದ್ದ ನಾಡಿನವರಿಗೆ ಇದು ಹೊಸದೆನಿಸದು. ಒಂದು ಗ್ಯಾಲನ್ನಿಗೆ ೪ ಕ್ವಾರ್ಟು. ಒಂದು ಕ್ವಾರ್ಟಿಗೆ ೨ ಪಿಂಟು. ಒಂದು ಪಿಂಟಿಗೆ ೨ ಕಪ್ಪು. ಒಂದು ಕಪ್ಪಿಗೆ ೮ ದ್ರವ ಔನ್ಸು. ಒಂದು ದ್ರವ ಔನ್ಸಿಗೆ ೨ ಟೇಬಲ್ ಚಮಚ. ಒಂದು ಟೇಬಲ್ ಚಮಚಕ್ಕೆ ೩ ಟೀ ಚಮಚ. ಒಟ್ಟು ಗುಣಿಸಿದರೆ ಒಂದು ಗ್ಯಾಲನ್ನಿನಲ್ಲಿ ೧೨೮ ದ್ರವ ಔನ್ಸುಗಳೂ ೭೬೮ ಟೀ ಚಮಚಗಳೂ ಅಡಗಿವೆ.

ಲೀಟರಿನ ಜನ್ಮಭೂಮಿ ಫ್ರಾನ್ಸ್. ೧೭೯೫ರ ಶಾಸನವು ಪ್ರತಿಯೊಂದು ಅಂಚೂ ಹತ್ತು ಸೆಂಟಿಮೀಟರು ಇರುವ ಘನದ ಜಾಗವನ್ನು ಲೀಟರು ಎಂದು ಹೆಸರಿಸಿತು. ೧೯೦೧ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ಒಂದು ಕಿಲೋಗ್ರಾಂ ಶುದ್ಧ ಜಲವು ತನ್ನ ಅತ್ಯಧಿಕ ಸಾಂದ್ರತೆಯಲ್ಲಿ ಆಕ್ರಮಿಸುವ ಜಾಗವೇ ಲೀಟರು ಎಂದು ಲಕ್ಷಣವನ್ನು ಮಾರ್ಪಡಿಸಿತು. ಈ ಎರಡು ಲಕ್ಷಣಗಳ ನಡುವೆ ದಶಲಕ್ಷಕ್ಕೆ ೨೮ ಭಾಗದಷ್ಟು ಅಂತರವಿತ್ತು. ದಿನಬಳಕೆಯಲ್ಲಿ ಅಗಣ್ಯವಾದರೂ ಸೂಕ್ಷ್ಮ ಪ್ರಯೋಗಗಳಲ್ಲಿ ಇದು ಗೊಂದಲಕ್ಕೆ ಎಡೆಮಾಡಿದ್ದರಿಂದ ೧೯೬೪ರಲ್ಲಿ ಹಳೆಯ ಲಕ್ಷಣವನ್ನೇ ಪುನಃ ಸ್ಥಾಪಿಸಲಾಯಿತು. ಈಗ ಒಂದು ಲೀಟರು ಎಂದರೆ ಸರಿಯಾಗಿ ೧,೦೦೦ ಘನ ಸೆಂಟಿಮೀಟರು.

ಎರಡು ದಡಗಳ ಸೇತುವೆ

ಗ್ಯಾಲನ್ನಿಗೆ ಅಂಗುಲವು ಆಧಾರ, ಲೀಟರಿಗೆ ಸೆಂಟಿಮೀಟರು ಆಧಾರ. ಆದುದರಿಂದ ಅಂಗುಲಕ್ಕೂ ಸೆಂಟಿಮೀಟರಿಗೂ ಸಂಬಂಧ ತಿಳಿದರೆ ಉಳಿದುದೆಲ್ಲ ತಾನಾಗಿಯೇ ತಿಳಿಯುತ್ತದೆ. ೧೯೫೯ರ ಒಪ್ಪಂದದಂತೆ ಅಮೆರಿಕ, ಬ್ರಿಟನ್ ಮೊದಲಾದ ಆರು ದೇಶಗಳು ಒಂದು ಅಂಗುಲವು ಸರಿಯಾಗಿ ೨.೫೪ ಸೆಂಟಿಮೀಟರು ಎಂದು ಒಪ್ಪಿಕೊಂಡವು. ಇದು ಅಂದಾಜಿನ ಸಂಖ್ಯೆಯಲ್ಲ, ಲಕ್ಷಣವೇ ಹೌದು. ೨.೫೪ನ್ನು ಮೂರು ಬಾರಿ ತಾನೇ ಗುಣಿಸಿದರೆ ಒಂದು ಘನ ಅಂಗುಲಕ್ಕೆ ೧೬.೩೮೭೦೬೪ ಘನ ಸೆಂಟಿಮೀಟರು ಬರುತ್ತದೆ. ಇದನ್ನು ೨೩೧ರಿಂದ ಗುಣಿಸಿದರೆ ೩,೭೮೫.೪೧೧೭೮೪ ಘನ ಸೆಂಟಿಮೀಟರು, ಅಂದರೆ ೩.೭೮೫೪೧೧೭೮೪ ಲೀಟರು. ಅಮೆರಿಕನ್ ಗ್ಯಾಲನ್ನಿನ ನಿಖರವಾದ ಬೆಲೆ ಇದೇ. ವಿದ್ಯಾರ್ಥಿಯು ಉದ್ದನೆಯ ಪಟ್ಟಿಯನ್ನು ಕಂಠಸ್ಥ ಮಾಡಬೇಕಾಗಿಲ್ಲ, ೨.೫೪ ಮತ್ತು ೨೩೧ ಎಂಬ ಎರಡು ಸಂಖ್ಯೆಗಳು ನೆನಪಿನಲ್ಲಿದ್ದರೆ ಸಾಕು.

ಇದರಿಂದ ದೊರೆಯುವ ಬೆಲೆಗಳು ಹೀಗಿವೆ:

ಒಂದು ಕ್ವಾರ್ಟು: ೯೪೬.೩೫ ಮಿಲಿಲೀಟರು
ಒಂದು ಪಿಂಟು: ೪೭೩.೧೮ ಮಿಲಿಲೀಟರು
ಒಂದು ಕಪ್ಪು: ೨೩೬.೫೯ ಮಿಲಿಲೀಟರು
ಒಂದು ದ್ರವ ಔನ್ಸು: ೨೯.೫೭ ಮಿಲಿಲೀಟರು
ಒಂದು ಟೇಬಲ್ ಚಮಚ: ೧೪.೭೯ ಮಿಲಿಲೀಟರು
ಒಂದು ಟೀ ಚಮಚ: ೪.೯೩ ಮಿಲಿಲೀಟರು

ಪರಿವರ್ತನೆಯ ವಿಧಾನವು ತ್ರೈರಾಶಿಕವಲ್ಲದೆ ಬೇರೆಯಲ್ಲ. ಈ ನಾಡಿಗೆ ತ್ರೈರಾಶಿಕವು ಪರಕೀಯವೂ ಅಲ್ಲ. ರಾಷ್ಟ್ರಕೂಟರ ಕಾಲದಲ್ಲಿ, ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಅದನ್ನು ವಿವರಿಸಿದ್ದಾನೆ. ೧೨ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದನು. ಒಂದು ಕಪ್ಪಿಗೆ ೨೩೬.೫೯ ಮಿಲಿಲೀಟರಾದರೆ ಎರಡೂವರೆ ಕಪ್ಪು ಹಾಲಿಗೆ ಎಷ್ಟು? ಗುಣಿಸಿದರೆ ಸುಮಾರು ೫೯೧ ಮಿಲಿಲೀಟರು. ಇದಕ್ಕೆ ವಿಲೋಮವಾಗಿ, ೨೦ ಲೀಟರು ನೀರಿಗೆ ಎಷ್ಟು ಅಮೆರಿಕನ್ ಗ್ಯಾಲನ್? ೨೦ನ್ನು ೩.೭೮೫೪ರಿಂದ ಭಾಗಿಸಿದರೆ ೫.೨೮. ಅದೇ ನೀರು ಇಂಪೀರಿಯಲ್ ಲೆಕ್ಕದಲ್ಲಿ ೪.೪೦ ಗ್ಯಾಲನ್.

ಗುಣಿಸಬೇಕೋ ಭಾಗಿಸಬೇಕೋ ಎಂಬ ಸಂದೇಹ ಬಂದಾಗ ಒಂದು ಸರಳವಾದ ಪರೀಕ್ಷೆಯುಂಟು. ಅಳೆಯುವ ಪಾತ್ರೆ ಚಿಕ್ಕದಾದಷ್ಟೂ ಅಳೆದ ಸಂಖ್ಯೆ ದೊಡ್ಡದಾಗಬೇಕು. ಕಣಜದ ರಾಗಿಯನ್ನು ಕೊಳಗದಿಂದ ಅಳೆದರೆ ಬರುವ ಎಣಿಕೆಗಿಂತ ಪಾವಿನಿಂದ ಅಳೆದರೆ ಬರುವ ಎಣಿಕೆ ಹೆಚ್ಚೆಂಬುದನ್ನು ಒಕ್ಕಲಿನ ಮನೆಯ ಬಾಲಕನೂ ಬಲ್ಲನು. ಲೀಟರು ಗ್ಯಾಲನ್ನಿಗಿಂತ ಚಿಕ್ಕದು. ಆದುದರಿಂದ ಗ್ಯಾಲನ್ನಿನಿಂದ ಲೀಟರಿಗೆ ಬಂದಾಗ ಸಂಖ್ಯೆ ಏರಬೇಕು. ಇಳಿದಿದ್ದರೆ ಲೆಕ್ಕವನ್ನು ಅಳಿಸಿ ಮೊದಲಿನಿಂದ ಮಾಡಬೇಕು.

ದಶಾಂಶ ಸ್ಥಾನಗಳ ವಿಷಯದಲ್ಲಿಯೂ ಔಚಿತ್ಯವನ್ನು ಪಾಲಿಸಬೇಕು. ಎರಡೂವರೆ ಕಪ್ಪು ಎಂದು ಕಣ್ಣಂದಾಜಿನಲ್ಲಿ ಅಳೆದ ಹಾಲನ್ನು ೫೯೧.೪೭ ಮಿಲಿಲೀಟರು ಎಂದು ಬರೆಯುವುದು ಇಲ್ಲದ ನಿಖರತೆಯನ್ನು ಆರೋಪಿಸಿದಂತೆ. ಅಡುಗೆಗೆ ೫೯೦ ಎಂದರೆ ಸಾಕು. ಅಮೆರಿಕದಲ್ಲಿ ಆಹಾರದ ಪೊಟ್ಟಣಗಳ ಮೇಲಿನ ಪೋಷಕಾಂಶಗಳ ವಿವರಣೆಗಾಗಿ ಕಪ್ಪಿಗೆ ೨೪೦, ಟೇಬಲ್ ಚಮಚಕ್ಕೆ ೧೫, ಟೀ ಚಮಚಕ್ಕೆ ೫ ಮಿಲಿಲೀಟರು ಎಂದು ಸರಿಮಾಡಿಕೊಳ್ಳಲು ಅಲ್ಲಿಯ ನಿಯಮವೇ ಅವಕಾಶವಿತ್ತಿದೆ.

ಒಂದೇ ಹೆಸರಿನ ಹಲವು ಅರ್ಥಗಳು

ಗ್ಯಾಲನ್ನಿನ ಇಬ್ಬಂದಿ ಅರ್ಥವನ್ನು ಮೇಲೆ ಹೇಳಿದುದಾಯಿತು. ಎರಡನೆಯದು ಪಿಂಟು. ಇಂಪೀರಿಯಲ್ ಪಿಂಟಿಗೆ ೫೬೮ ಮಿಲಿಲೀಟರು. ಅಮೆರಿಕದ ದ್ರವ ಪಿಂಟಿಗೆ ೪೭೩ ಮಿಲಿಲೀಟರು. ಸಾಲದುದಕ್ಕೆ ಅಮೆರಿಕದಲ್ಲಿಯೇ ಮತ್ತೊಂದು ಪಿಂಟು ಉಂಟು. ಬುಷೆಲಿನ ೬೪ನೆಯ ಒಂದು ಭಾಗವಾದ ಒಣ ಪಿಂಟಿಗೆ ಸುಮಾರು ೫೫೧ ಮಿಲಿಲೀಟರು. ಹಣ್ಣು, ಧಾನ್ಯಗಳಿಗೆ ಅದು ಸಲ್ಲುತ್ತದೆ, ಹಾಲಿಗೆ ಸಲ್ಲದು.

ಮೂರನೆಯದಾದ ಔನ್ಸು ಎಲ್ಲಕ್ಕಿಂತ ಮೋಸಗೊಳಿಸುವಂಥದು. ತೂಕದ ಔನ್ಸು ೨೮.೩೫ ಗ್ರಾಂ, ದ್ರವ ಔನ್ಸು ೨೯.೫೭ ಮಿಲಿಲೀಟರು. ಮೊದಲನೆಯದು ಭಾರವನ್ನು ಹೇಳುತ್ತದೆ, ಎರಡನೆಯದು ಜಾಗವನ್ನು ಹೇಳುತ್ತದೆ. ನೀರಿನ ವಿಷಯದಲ್ಲಿ ಇವೆರಡೂ ಬಹಳ ಹತ್ತಿರವಿರುವುದರಿಂದ ಒಂದೇ ಎಂಬ ಭ್ರಾಂತಿ ಹುಟ್ಟುತ್ತದೆ. ನೀರನ್ನು ಬಿಟ್ಟು ಹಿಟ್ಟಿಗೆ ಬಂದರೆ ಭ್ರಾಂತಿ ಹರಿಯುತ್ತದೆ. ಒಂದು ಕಪ್ಪು ನೀರಿನ ತೂಕ ಸುಮಾರು ೨೩೬ ಗ್ರಾಂ ಆದರೆ ಒಂದು ಕಪ್ಪು ಮೈದಾಹಿಟ್ಟು ಸುಮಾರು ೧೨೦ರಿಂದ ೧೩೦ ಗ್ರಾಂ ಮಾತ್ರ ತೂಗುತ್ತದೆ. ಇಂಪೀರಿಯಲ್ ದ್ರವ ಔನ್ಸು ಇನ್ನೂ ಬೇರೆ. ಅಲ್ಲಿ ಗ್ಯಾಲನ್ನನ್ನು ೧೨೮ಕ್ಕೆ ಬದಲಾಗಿ ೧೬೦ ಪಾಲು ಮಾಡುವುದರಿಂದ ಗ್ಯಾಲನ್ ದೊಡ್ಡದಾದರೂ ಔನ್ಸು ಚಿಕ್ಕದಾಗಿ ೨೮.೪೧ ಮಿಲಿಲೀಟರಿಗೆ ನಿಲ್ಲುತ್ತದೆ. ಸೇರು ಎಂಬ ಹೆಸರು ತೂಕಕ್ಕೂ ಅಳತೆಗೂ ಬಳಕೆಯಾಗುತ್ತಿದ್ದ ಕಾಲವನ್ನು, ಕಚ್ಚಾ ಸೇರು ಪಕ್ಕಾ ಸೇರುಗಳ ಭೇದವನ್ನು ಬಲ್ಲ ಹಿರಿಯರಿಗೆ ಈ ತೊಡಕನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಹೆಸರು ತಪ್ಪಿದರೆ ಬರುವ ವಿಪತ್ತು

ಅಂಕೆಯನ್ನು ಹಿಡಿದು ಹೆಸರನ್ನು ಕೈಬಿಟ್ಟುದರ ಫಲವನ್ನು ಜಗತ್ತಿಗೆ ತೋರಿಸಿದ ಘಟನೆಯೊಂದು ಅಮೆರಿಕದ ನೆರೆಯ ದೇಶವಾದ ಕೆನಡದಲ್ಲಿ ನಡೆಯಿತು. ಆ ದೇಶವು ಹಳೆಯ ಅಳತೆಗಳನ್ನು ಬಿಟ್ಟು ದಶಮಾನ ಪದ್ಧತಿಗೆ ಹೊರಳುತ್ತಿದ್ದ ಕಾಲ. ೧೯೮೩ರ ಜುಲೈ ೨೩ರಂದು ಏರ್ ಕೆನಡ ಸಂಸ್ಥೆಯ ಹೊಸ ಬೋಯಿಂಗ್ ೭೬೭ ವಿಮಾನವು ಮಾಂಟ್ರಿಯಲ್‌ನಿಂದ ಒಟ್ಟಾವಾ ಮಾರ್ಗವಾಗಿ ಎಡ್ಮಂಟನ್ನಿಗೆ ಹೊರಟಿತು. ಇಂಧನವನ್ನು ತೋರಿಸುವ ಉಪಕರಣವು ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ತೊಟ್ಟಿಯಲ್ಲಿದ್ದ ಇಂಧನವನ್ನು ಅಳತೆಕಡ್ಡಿಯಿಂದ ನೋಡಿ ೭,೬೮೨ ಲೀಟರು ಇದೆಯೆಂದು ಕಂಡುಕೊಂಡರು. ಪ್ರಯಾಣಕ್ಕೆ ಬೇಕಾದುದು ೨೨,೩೦೦ ಕಿಲೋಗ್ರಾಂ. ಲೀಟರನ್ನು ಭಾರಕ್ಕೆ ಪರಿವರ್ತಿಸಬೇಕಾಯಿತು.

ಒಂದು ಲೀಟರು ಇಂಧನದ ಭಾರ ಸುಮಾರು ೦.೮೦೩ ಕಿಲೋಗ್ರಾಂ. ಅದನ್ನೇ ಪೌಂಡಿನಲ್ಲಿ ಹೇಳಿದರೆ ೧.೭೭. ಹಳೆಯ ವಿಮಾನಗಳ ರೂಢಿಯಂತೆ ೧.೭೭ ಎಂಬ ಗುಣಕವನ್ನೇ ಬಳಸಿದರು. ಬಂದ ಉತ್ತರವನ್ನು ಕಿಲೋಗ್ರಾಂ ಎಂದು ಓದಿದರು. ೭,೬೮೨ನ್ನು ೧.೭೭ರಿಂದ ಗುಣಿಸಿದಾಗ ೧೩,೫೯೭ ಬಂದಿತು. ಅದು ವಾಸ್ತವವಾಗಿ ಪೌಂಡು. ಕೊರತೆಯನ್ನು ೮,೭೦೩ ಎಂದು ಎಣಿಸಿ, ಮತ್ತೆ ೧.೭೭ರಿಂದ ಭಾಗಿಸಿ, ೪,೯೧೭ ಲೀಟರು ತುಂಬಿಸಿದರು. ಸರಿಯಾದ ಲೆಕ್ಕದಂತೆ ತುಂಬಿಸಬೇಕಾಗಿದ್ದುದು ೨೦,೦೦೦ ಲೀಟರಿಗೂ ಮಿಕ್ಕಿ. ವಿಮಾನದಲ್ಲಿದ್ದುದು ಅಗತ್ಯದ ಅರ್ಧಕ್ಕಿಂತಲೂ ಕಡಿಮೆ. ಗುಣಾಕಾರದಲ್ಲಿ ದೋಷವಿರಲಿಲ್ಲ, ಭಾಗಾಕಾರದಲ್ಲಿ ದೋಷವಿರಲಿಲ್ಲ. ಅಂಕೆಗಳೆಲ್ಲ ಸರಿಯಾಗಿಯೇ ಇದ್ದವು. ತಪ್ಪಿದ್ದು ಹೆಸರೊಂದೇ.

ವಿಮಾನವು ೪೧,೦೦೦ ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ತೀರಿ ಎಂಜಿನುಗಳೆರಡೂ ನಿಂತುಹೋದವು. ವಿಮಾನದಲ್ಲಿದ್ದವರು ಒಟ್ಟು ೬೯ ಮಂದಿ. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಮತ್ತು ಸಹಚಾಲಕ ಮಾರಿಸ್ ಕ್ವಿಂಟಾಲ್ ಅವರು ಎಂಜಿನಿಲ್ಲದ ಆ ಭಾರಿ ವಿಮಾನವನ್ನು ಗಾಳಿಯಲ್ಲಿ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿಯ ಹಳೆಯ ವಾಯುಪಡೆಯ ನೆಲೆಯಲ್ಲಿ ಇಳಿಸಿದರು. ಒಬ್ಬರೂ ಸಾಯಲಿಲ್ಲ. ಚಾಲಕರ ನೈಪುಣ್ಯವು ಲೆಕ್ಕದ ದೋಷಕ್ಕೆ ಪ್ರಾಯಶ್ಚಿತ್ತವಾಯಿತು ಎನ್ನಬೇಕು.

ಇಂಥ ಅಪಾಯವು ಆಕಾಶದಲ್ಲಿಯೇ ಒದಗಬೇಕೆಂದಿಲ್ಲ. ಮಗುವಿಗೆ ಔಷಧಿ ಕುಡಿಸುವ ತಾಯಿಯ ಕೈಯಲ್ಲಿಯೂ ಒದಗಬಹುದು. ಟೀ ಚಮಚವೆಂದು ಬರೆದುದನ್ನು ಟೇಬಲ್ ಚಮಚವೆಂದು ಓದಿದರೆ ಔಷಧಿಯ ಪ್ರಮಾಣ ಮೂರು ಪಟ್ಟಾಗುತ್ತದೆ. ಮನೆಯ ಚಮಚಗಳ ಗಾತ್ರವಂತೂ ಒಂದರಂತೆ ಒಂದಿಲ್ಲ. ಈ ಕಾರಣದಿಂದಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ೨೦೧೫ರಲ್ಲಿ, ಕುಡಿಯುವ ಔಷಧಿಗಳ ಪ್ರಮಾಣವನ್ನು ಚಮಚದ ಲೆಕ್ಕದಲ್ಲಿ ಹೇಳದೆ ಮಿಲಿಲೀಟರಿನಲ್ಲಿಯೇ ಹೇಳಬೇಕೆಂದು ಸಲಹೆಯಿತ್ತಿತು. ರೂಢಿಯ ಅಳತೆಗಳನ್ನು ಬಿಡದ ದೇಶದಲ್ಲಿಯೇ, ಪ್ರಾಣದ ಪ್ರಶ್ನೆ ಬಂದಾಗ, ವೈದ್ಯರು ಮಿಲಿಲೀಟರನ್ನು ಆಶ್ರಯಿಸಿದುದು ಮನನೀಯವಾದ ಸಂಗತಿ.

ರೂಢಿ ಮತ್ತು ಶಾಸನ

ಅಮೆರಿಕನ್ನರು ದಶಮಾನ ಪದ್ಧತಿಯನ್ನು ಅರಿಯದವರಲ್ಲ. ೧೮೬೬ರಲ್ಲಿಯೇ ಅಲ್ಲಿ ಅದರ ಬಳಕೆಗೆ ಕಾನೂನಿನ ಮನ್ನಣೆ ದೊರೆಯಿತು. ೧೮೭೫ರ ಮೀಟರು ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಅಮೆರಿಕವೂ ಒಂದು. ೧೮೯೩ರಿಂದ ಅಲ್ಲಿಯ ಗಜ ಮತ್ತು ಪೌಂಡುಗಳಿಗೆ ಮೀಟರು ಮತ್ತು ಕಿಲೋಗ್ರಾಂಗಳೇ ಆಧಾರ. ಅಂದರೆ ಅಮೆರಿಕದ ಗ್ಯಾಲನ್ ಮೇಲ್ನೋಟಕ್ಕೆ ಸ್ವತಂತ್ರವೆಂದು ಕಂಡರೂ ಅದರ ಲಕ್ಷಣವು ಮೀಟರನ್ನೇ ಅವಲಂಬಿಸಿದೆ. ೧೯೭೫ರಲ್ಲಿ ಸಂಪೂರ್ಣ ಪರಿವರ್ತನೆಗಾಗಿ ಕಾಯಿದೆಯೊಂದು ಬಂದಿತಾದರೂ ಅದು ಕಡ್ಡಾಯವಾಗಿರಲಿಲ್ಲ. ಅದಕ್ಕಾಗಿ ರಚಿತವಾದ ಮಂಡಲಿಯು ೧೯೮೨ರಲ್ಲಿ ವಿಸರ್ಜನೆಗೊಂಡಿತು. ರೂಢಿಯು ಶಾಸನಕ್ಕಿಂತ ಬಲಿಷ್ಠವೆಂಬ ಮಾತಿಗೆ ಇದೊಂದು ನಿದರ್ಶನ.

ಭಾರತವು ೧೯೫೬ರ ಕಾಯಿದೆಯ ಮೂಲಕ ದಶಮಾನ ಪದ್ಧತಿಯನ್ನು ಸ್ವೀಕರಿಸಿ, ೧೯೫೮ರ ಅಕ್ಟೋಬರ್ ೧ರಿಂದ ಹಂತಹಂತವಾಗಿ ಆಚರಣೆಗೆ ತಂದಿತು. ಆದರೂ ಇಲ್ಲಿ ರೂಢಿ ಪೂರ್ತಿಯಾಗಿ ಅಳಿದಿಲ್ಲ. ಅಂಗುಲ ಅಡಿಗಳ ಘನವನ್ನು ಲೀಟರಿಗೆ ತರುವ ಇದೇ ವಿದ್ಯೆಯು ಮಳೆಗಾಲದಲ್ಲಿ ಕನ್ನಡಿಗರೆಲ್ಲರಿಗೂ ಬೇಕಾಗುತ್ತದೆ. ಜಲಾಶಯಗಳ ನೀರನ್ನು ಇಂದಿಗೂ ಟಿಎಂಸಿ ಲೆಕ್ಕದಲ್ಲಿ, ಅಂದರೆ ನೂರು ಕೋಟಿ ಘನ ಅಡಿಗಳ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಅಡಿಗೆ ೩೦.೪೮ ಸೆಂಟಿಮೀಟರಾದ್ದರಿಂದ ಒಂದು ಘನ ಅಡಿಗೆ ೨೮.೩೧೭ ಲೀಟರು, ಒಂದು ಟಿಎಂಸಿಗೆ ಸುಮಾರು ೨,೮೩೨ ಕೋಟಿ ಲೀಟರು. ಕೃಷ್ಣರಾಜಸಾಗರದ ಸಾಮರ್ಥ್ಯ ೪೯.೪೫ ಟಿಎಂಸಿ ಎಂಬುದನ್ನು ದಶಮಾನದಲ್ಲಿ ಹೇಳಿದರೆ ಸುಮಾರು ೧೪೦ ಕೋಟಿ ಘನ ಮೀಟರು. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ಟಿಎಂಸಿ ನಿಂತ ನೀರಿನ ಅಳತೆ, ಕ್ಯುಸೆಕ್ ಹರಿಯುವ ನೀರಿನ ಅಳತೆ. ೧೧,೫೭೪ ಕ್ಯುಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ ಆಗುತ್ತದೆ. ಈ ಭೇದವನ್ನು ಅರಿತವನಿಗೆ ಪತ್ರಿಕೆಯ ವರದಿ ಸ್ಪಷ್ಟವಾಗುತ್ತದೆ. ಅರಿಯದವನಿಗೆ ಅದು ಬರಿಯ ಸಂಖ್ಯೆಗಳ ಸಾಲು.

ಶಾಲೆಯಲ್ಲಿ ಗಣಿತವನ್ನು ಬೋಧಿಸುವವರು ಇಷ್ಟನ್ನು ಅಭ್ಯಾಸ ಮಾಡಿಸಿದರೆ ಸಾಕು. ಉತ್ತರದಲ್ಲಿ ಮಾತ್ರವಲ್ಲದೆ ಲೆಕ್ಕದ ಪ್ರತಿಯೊಂದು ಪಂಕ್ತಿಯಲ್ಲಿಯೂ ಅಂಕೆಯ ಪಕ್ಕದಲ್ಲಿ ಅಳತೆಯ ಹೆಸರನ್ನು ಬರೆಯಿಸುವುದು. ಆ ಹೆಸರು ಯಾವ ದೇಶದ್ದು, ದ್ರವಕ್ಕೋ ಧಾನ್ಯಕ್ಕೋ, ಜಾಗಕ್ಕೋ ಭಾರಕ್ಕೋ ಎಂದು ಮೊದಲೇ ವಿಚಾರಿಸುವಂತೆ ಮಾಡುವುದು. ಲೆಕ್ಕ ಮುಗಿದ ಮೇಲೆ ಸಂಖ್ಯೆ ಏರಬೇಕಾಗಿತ್ತೋ ಇಳಿಯಬೇಕಾಗಿತ್ತೋ ಎಂದು ಪರೀಕ್ಷಿಸಿಕೊಳ್ಳುವುದು. ಉತ್ತರವು ಸರಿಯಾಗಿದ್ದರೂ ಅಳತೆಯ ಹೆಸರನ್ನು ಬಿಟ್ಟ ವಿದ್ಯಾರ್ಥಿಗೆ ಉಪಾಧ್ಯಾಯರು ಪೂರ್ಣ ಅಂಕಗಳನ್ನು ಕೊಡದಿರುವುದುಂಟು. ಆ ಕಟ್ಟುನಿಟ್ಟನ್ನು ಮಕ್ಕಳು ಕ್ರೂರವೆಂದು ಬಗೆಯಬಹುದು. ಮುಂದೆ ಅವರಲ್ಲಿ ಒಬ್ಬನು ಔಷಧಿಯನ್ನು ಅಳೆದು ಕೊಡುವವನಾಗಬಹುದು, ಮತ್ತೊಬ್ಬನು ವಿಮಾನಕ್ಕೆ ಇಂಧನ ತುಂಬಿಸುವವನಾಗಬಹುದು. ಆಗ ಆ ಕಳೆದುಹೋದ ಅರ್ಧ ಅಂಕದ ಬೆಲೆ ಅವರಿಗೆ ತಿಳಿಯುತ್ತದೆ.